ಹದಿನೇಳು ವರ್ಷ ಹಳೇ ಹಾಡು 2009ರ ಕ್ರಿಸ್‌ಮಸ್ ನಂಬರ್ ಒನ್: ರೇಜ್ ಅಗೇನ್ಸ್ಟ್ ದ ಮಷೀನ್ ನಿಜವಾಗ್ಲೂ ಗೆದ್ದಿತ್ತಾ?

ಡ್ರಾಪ್ ಡಿ

2009ರ ಡಿಸೆಂಬರ್ 20, ಭಾನುವಾರ. ಬ್ರಿಟನ್ನಿನ ಅಧಿಕೃತ ಸಿಂಗಲ್ಸ್ ಚಾರ್ಟ್ (ಆ ವಾರ ಯಾವ ಹಾಡು ಎಷ್ಟು ಮಾರಾಟವಾಯ್ತು ಅನ್ನೋ ಪಟ್ಟಿ) ಪ್ರಕಟವಾದಾಗ ಮೊದಲ ಸ್ಥಾನದಲ್ಲಿದ್ದದ್ದು ಹೊಸ ಹಾಡಲ್ಲ. ಲಾಸ್ ಏಂಜಲೀಸ್‌ನ ರಾಕ್ ಬ್ಯಾಂಡ್ ರೇಜ್ ಅಗೇನ್ಸ್ಟ್ ದ ಮಷೀನ್ 1992ರಲ್ಲಿ ಹೊರತಂದಿದ್ದ 'ಕಿಲ್ಲಿಂಗ್ ಇನ್ ದ ನೇಮ್'. ಆ ಒಂದೇ ವಾರದಲ್ಲಿ ಮಾರಾಟವಾದದ್ದು 5,02,672 ಪ್ರತಿ, ಅಷ್ಟೂ ಡೌನ್‌ಲೋಡ್. ಅಂಗಡಿಯಲ್ಲಿ ಕೊಳ್ಳೋಣ ಅಂದ್ರೆ ಸಿಡಿಯೇ ಇರಲಿಲ್ಲ. ಎರಡನೇ ಸ್ಥಾನದಲ್ಲಿ ನಿಂತದ್ದು 'ಎಕ್ಸ್ ಫ್ಯಾಕ್ಟರ್' ಟಿವಿ ಸ್ಪರ್ಧೆ ಗೆದ್ದು ಬಂದ ಹದಿನೆಂಟರ ಹುಡುಗ ಜೋ ಮೆಕೆಲ್ಡೆರಿಯ 'ದ ಕ್ಲೈಂಬ್'. ಅಂತರ ಸುಮಾರು 50 ಸಾವಿರ.

ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ವಾರದ ನಂಬರ್ ಒನ್‌ಗೆ ಬೇರೆ ಯಾವ ವಾರಕ್ಕೂ ಇಲ್ಲದ ಬೆಲೆ. ಯಾವ ಹಾಡು ಬರುತ್ತೆ ಅಂತ ಜನ ದುಡ್ಡು ಕಟ್ಟಿ ಬಾಜಿ ಆಡ್ತಾರೆ. 1973ರಲ್ಲಿ ಸ್ಲೇಡ್, 1975ರಲ್ಲಿ ಕ್ವೀನ್, ಹೀಗೆ ರಾಕ್ ಬ್ಯಾಂಡುಗಳೂ ಆ ಸ್ಥಾನದಲ್ಲಿ ಕೂತಿವೆ. ಆದರೆ 2005ರಿಂದ 2008ರವರೆಗೆ ಸತತ ನಾಲ್ಕು ವರ್ಷ ಅದು ಎಕ್ಸ್ ಫ್ಯಾಕ್ಟರ್ ವಿಜೇತರ ಪಾಲಾಯ್ತು: ಶೇನ್ ವಾರ್ಡ್, ಲಿಯೋನಾ ಲೂಯಿಸ್, ಲಿಯಾನ್ ಜಾಕ್ಸನ್, ಅಲೆಕ್ಸಾಂಡ್ರಾ ಬರ್ಕ್. ಡಿಸೆಂಬರ್ ನಡುವೆ ಫೈನಲ್, ಅದರ ಬೆನ್ನಿಗೇ ಸಿಂಗಲ್, ಮುಂದಿನ ಭಾನುವಾರ ನಂಬರ್ ಒನ್. ಬೇರೆಯವರು ಆ ವಾರ ಹಾಡು ಬಿಡೋಕೂ ಯೋಚನೆ ಮಾಡೋ ಹಾಗಾಗಿತ್ತು.

ಎಸೆಕ್ಸ್‌ನ ಜಾನ್ ಮಾರ್ಟರ್, ಟ್ರೇಸಿ ಮಾರ್ಟರ್ ದಂಪತಿ ಫೇಸ್‌ಬುಕ್‌ನಲ್ಲಿ ಒಂದು ಗುಂಪು ಮಾಡಿ, ಈ ಸಲ ಎಲ್ಲರೂ ಒಂದೇ ವಾರ ಈ ಒಂದು ಹಾಡು ಕೊಳ್ಳೋಣ ಅಂದರು. ಜೊತೆಗೆ, ವಸತಿ ಇಲ್ಲದವರಿಗಾಗಿ ಕೆಲಸ ಮಾಡುವ ಶೆಲ್ಟರ್ ಸಂಸ್ಥೆಗೂ ಕೈಲಾದಷ್ಟು ಕೊಡಿ ಅಂತ ಕೇಳಿಕೊಂಡರು. ಲಕ್ಷಾಂತರ ಜನ ಸೇರಿದರು.

ಇದನ್ನ 'ಬರೀ ಹುಡುಗಾಟ' ಅಂತ ತಳ್ಳಿಹಾಕೋರು ಬಹಳ ಜನ ಇದ್ದಾರೆ. ನಾನು ಒಪ್ಪಲ್ಲ. ನನ್ನ ಪ್ರಕಾರ ಅದು ನಿಜವಾದ ಗೆಲುವು. ಚಾರ್ಟ್ ಅಂದ್ರೆ ಏನು, ಅದರ ಮೇಲೆ ಯಾರಿಗೆ ಹಿಡಿತ ಇರುತ್ತೆ ಅನ್ನೋದು ಸಾಮಾನ್ಯ ಕೇಳುಗರಿಗೆ ಅರ್ಥವಾದ ವಾರ ಅದು. ನಿಮಗೇನನ್ಸುತ್ತೆ?

ಟಾಪ್ ನಲವತ್ತು

ಒಳ್ಳೇ ವಿಷಯ ಎತ್ತಿದ್ರಿ. ಆದರೆ ಇದರಲ್ಲಿ ಫೇಸ್‌ಬುಕ್‌ನಷ್ಟೇ ದೊಡ್ಡ ಪಾತ್ರ ಒಂದು ನಿಯಮದ್ದು. ಅದನ್ನ ಯಾರೂ ಹೇಳಲ್ಲ.

ಬ್ರಿಟನ್ನಿನ ಸಿಂಗಲ್ಸ್ ಚಾರ್ಟ್‌ಗೆ ಡೌನ್‌ಲೋಡ್ ಸೇರಿಸಿದ್ದು 2005ರ ಏಪ್ರಿಲ್‌ನಲ್ಲಿ. ಆಗ ಒಂದು ಷರತ್ತಿತ್ತು: ಆ ಹಾಡು ಸಿಡಿಯಾಗೋ ರೆಕಾರ್ಡಾಗೋ ಅಂಗಡಿಗೂ ಬರಬೇಕು. ಅಂದ್ರೆ ಯಾವುದು ಚಾರ್ಟ್‌ಗೆ ಬರಬಹುದು ಅನ್ನೋದು ಕಂಪನಿಯ ಕೈಯಲ್ಲೇ ಇತ್ತು. ಅವರು ಸಿಡಿ ಒತ್ತಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. 2006ರಲ್ಲಿ ಇದನ್ನ ಸ್ವಲ್ಪ ಸಡಿಲ ಮಾಡಿದರು, 2007ರ ಜನವರಿಯಿಂದ ಷರತ್ತನ್ನೇ ತೆಗೆದುಹಾಕಿದರು. ಅಲ್ಲಿಂದ ಯಾವುದೇ ಹಾಡು, ಎಷ್ಟೇ ಹಳೇದಾಗಿರಲಿ, ಡೌನ್‌ಲೋಡ್ ಮಾರಾಟದ ಮೇಲೇ ಚಾರ್ಟ್‌ಗೆ ಬರಬಹುದು.

ಆ ತಿಂಗಳೇ ರೇಡಿಯೋ 1ರ ಕ್ರಿಸ್ ಮೊಯ್ಲ್ಸ್ ತನ್ನ ಕೇಳುಗರಿಗೆ ಹೇಳಿ ಗಾಯಕಿ ಬಿಲ್ಲಿ ಪೈಪರ್‌ಳ ಹಳೇ ಹಾಡೊಂದನ್ನ ಟಾಪ್ 20ರ ಒಳಗೆ ತಂದು ತೋರಿಸಿದ. ಹಳೇ ಹಾಡು ಹೀಗೆ ವಾಪಸ್ ಬರಬಹುದು ಅನ್ನೋದು ಆಗಲೇ ಖಾತ್ರಿಯಾಗಿತ್ತು. 2008ರಲ್ಲಿ ಜಾನ್ ಮಾರ್ಟರ್ ರಿಕ್ ಆ್ಯಸ್ಟ್ಲಿಯ ಹಾಡಿಟ್ಟುಕೊಂಡು ನೋಡಿದಾಗ ಕೆಲಸ ಆಗಲಿಲ್ಲ. ಮುಂದಿನ ವರ್ಷ ಹಾಡಿನ ಆಯ್ಕೆ ಸರಿ ಬಿತ್ತು. ಹಳೇ ನಿಯಮವೇ ಇದ್ದಿದ್ರೆ ಹತ್ತು ಲಕ್ಷ ಜನ ಸೇರಿದ್ರೂ ಏನೂ ಮಾಡೋಕಾಗ್ತಿರಲಿಲ್ಲ.

ಧಾರವಾಡ ಮಂದಿ

ನೀವೆಲ್ಲಾ ಹೇಳೂದು ಖರೆ ಅದ್ರೀ. ಆದ್ರ ಒಂದು ಮಾತು ಬಿಟ್ಟೀರಿ. ರೇಜ್‌ನವ್ರ ಕಂಪನಿ ಎಪಿಕ್. ಎಪಿಕ್ ಯಾರದು? ಸೋನಿದು. ಜೋ ಹುಡುಗನ ಹಾಡು ತಂದದ್ದು ಎಕ್ಸ್ ಫ್ಯಾಕ್ಟರ್ ಶುರು ಮಾಡಿದ ಸೈಮನ್ ಕೋವೆಲ್‌ನ ಸೈಕೋ ಕಂಪನಿ. ಅದೂ ಸೋನಿ ಜೋಡೀನ ಇತ್ತು. ಒಂದನೇ ಸ್ಥಾನ, ಎರಡನೇ ಸ್ಥಾನ ಎರಡೂ ಒಂದ ಮನೀಗೆ ಹೋದ್ವು. ಮಂದಿ ದೊಡ್ಡ ಕಂಪನಿ ವಿರುದ್ಧ ಬಂಡಾಯ ಎದ್ದೀವಿ ಅಂತ ತಿಳ್ಕೊಂಡು ಅದ ಕಂಪನಿಗೆ ಒಂದ ವಾರದಾಗ ಹತ್ತು ಲಕ್ಷದ ಹತ್ತಿರ ಸಿಂಗಲ್ ಮಾರಾಟ ಮಾಡಿಸಿ ಕೊಟ್ರು. ಇದನ್ನ ಗೆಲುವು ಅನ್ನೂದು ಹ್ಯಾಂಗ?

ಇನ್ನೊಂದು. ಆ ಹಾಡಿನ ಕೊನೀಗೆ ಬರೂದೇನು? ನೀ ಹೇಳಿದ್ದು ನಾ ಮಾಡಂಗಿಲ್ಲ ಅನ್ನೂದನ್ನ ಬೈಗಳ ಕೂಡಿಸಿ ಮತ್ತ ಮತ್ತ ಒದರೂದು. ಅಂಥಾ ಹಾಡನ್ನ ಇದ ವಾರ ಕೊಳ್ರಿ, ಇದ ಹಾಡು ಕೊಳ್ರಿ ಅಂತ ಹೇಳಿಸ್ಕೊಂಡು ಕೊಂಡ್ರಲ್ರೀ. ನನಗ ಇದು ಭಾಳ ಕಾಡ್ತದ.

ಲೀಡ್ಸ್‌ನಿಂದ

ನಾನು ಆ ವರ್ಷ ಇಲ್ಲಿ ಓದೋಕೆ ಬಂದು ಕೆಲವೇ ತಿಂಗಳಾಗಿತ್ತು. ಹೊರಗೆ ನಿಂತು ನೋಡಿದರೆ ಧಾರವಾಡದವರ ಲೆಕ್ಕ ಸರಿ. ಆದರೆ ಆ ವಾರ ಇಲ್ಲಿದ್ದವರಿಗೆ ಸೋನಿಯ ವಿಷಯ ಗೊತ್ತಿರಲಿಲ್ಲ ಅಂದ್ಕೋಬೇಡಿ. ಪೇಪರ್‌ಗಳು ಮೊದಲೇ ಬರೆದಿದ್ದವು. ಗೊತ್ತಿದ್ದೇ ಕೊಂಡರು.

ನಮ್ಮ ಬಾಡಿಗೆ ಮನೆ ಅಡುಗೆಕೋಣೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇರ್ತಿತ್ತು. ಮನೆಯಲ್ಲಿದ್ದವರೆಲ್ಲ ಅದರಲ್ಲೇ ಅವರವರ ಅಕೌಂಟ್‌ಗೆ ಹೋಗಿ ಒಂದೊಂದು ಪ್ರತಿ ಕೊಂಡರು. ಬೆಲೆ ಒಂದು ಪೌಂಡಿಗಿಂತ ಕಡಿಮೆ. ಅದರಲ್ಲಿ ಒಬ್ಬಳಿಗೆ ರಾಕ್ ಕಂಡರೇ ಆಗ್ತಿರಲಿಲ್ಲ, ಕೊಂಡ ಹಾಡನ್ನ ಪೂರ್ತಿ ಕೇಳಲೂ ಇಲ್ಲ. 'ಈ ವರ್ಷವಾದರೂ ಭಾನುವಾರ ಏನು ಬರುತ್ತೆ ಅಂತ ಕಾಯೋ ಹಾಗಾಯ್ತಲ್ಲ' ಅಂದಳು. ಅದೇ ಇಡೀ ವಿಷಯ. ನಾಲ್ಕು ವರ್ಷ ಫಲಿತಾಂಶ ಮೊದಲೇ ಗೊತ್ತಿತ್ತು, ಈ ಸಲ ಗೊತ್ತಿರಲಿಲ್ಲ.

ವಾರದ ಶುರುವಿನಲ್ಲಿ ರೇಜ್ ಮುಂದಿತ್ತು. ನಡುವೆ ಜೋನ ಸಿಡಿ ಅಂಗಡಿಗೆ ಬಂತು. ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ ಹಾಕೋ ಕೌಂಟರ್ ಪಕ್ಕದಲ್ಲೇ ರಾಶಿ ಇಟ್ಟಿದ್ದರು. ಹಾಲು, ಬ್ರೆಡ್ ಜೊತೆಗೆ ಅದನ್ನೂ ಬುಟ್ಟಿಗೆ ಹಾಕ್ಕೊಂಡು ಹೋಗ್ತಿದ್ದರು ಅಜ್ಜಿಯಂದಿರು. ಮುಗೀತು ಇನ್ನು ಅಂದುಕೊಂಡಿದ್ದೆವು. ಡೌನ್‌ಲೋಡ್ ಒಂದೇ ಇಟ್ಟುಕೊಂಡು ಅಷ್ಟು ಸಿಡಿಗಳನ್ನ ಹಿಂದೆ ಹಾಕಿದ್ದು ಸಣ್ಣ ಮಾತಲ್ಲ. ಬರೀ ಡೌನ್‌ಲೋಡ್‌ನಿಂದ ಕ್ರಿಸ್‌ಮಸ್ ನಂಬರ್ ಒನ್ ಆದ ಮೊದಲ ಹಾಡು ಅದು.

ಬೇಸ್ ಗಿಟಾರ್ ಭಟ್ರು

ಎಲ್ರೂ ಚಾರ್ಟ್ ಬಗ್ಗೆಯೇ ಹೇಳ್ತಾ ಇದ್ದೀರಿ, ಹಾಡಿನ ಬಗ್ಗೆ ಯಾರಾದ್ರೂ ಹೇಳಿ ಮಾರಾಯ್ರೆ!

ಬ್ಯಾಂಡಿನ ಗಿಟಾರಿಸ್ಟ್ ಟಾಮ್ ಮೊರೆಲ್ಲೊ ಒಬ್ಬ ವಿದ್ಯಾರ್ಥಿಗೆ ಗಿಟಾರ್ ಹೇಳಿಕೊಡ್ತಾ ಇದ್ದಾಗ ಸಿಕ್ಕಿದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಅದು. ಡ್ರಾಪ್ ಡಿ ಟ್ಯೂನಿಂಗ್ ತೋರಿಸ್ತಾ ಇದ್ದರಂತೆ, ಅಂದ್ರೆ ಎಲ್ಲಕ್ಕಿಂತ ದಪ್ಪದ ತಂತಿಯನ್ನ ಒಂದು ಸ್ವರ ಕೆಳಗೆ ಇಳಿಸೋದು. ನುಡಿಸ್ತಾ ನುಡಿಸ್ತಾ ಇದು ಬಂತು, ಪಾಠ ನಿಲ್ಲಿಸಿ ಕ್ಯಾಸೆಟ್‌ಗೆ ರೆಕಾರ್ಡ್ ಮಾಡಿಕೊಂಡರು. (ಎಳೆ ಶುರು ಮಾಡಿದವರ ಹೆಸರೂ ಅಲ್ಲಿಂದಲೇ ಅಂತ ಕಾಣ್ತದೆ.) ಈ ಹಾಡಲ್ಲಿ ಕೋಪ ಏರೋದು ಸ್ವರ ಜಾಸ್ತಿ ಮಾಡಿ ಅಲ್ಲ. ಒಂದೇ ಸಾಲನ್ನ ಮೊದಲು ಪಿಸುಮಾತಿನ ಹಾಗೆ ಹೇಳ್ತಾರೆ, ಗಿಟಾರ್ ತಡೆದು ಹಿಡ್ಕೊಂಡಿರ್ತದೆ, ಬ್ರ್ಯಾಡ್ ವಿಲ್ಕ್‌ನ ಡ್ರಮ್ಸ್ ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗ್ತದೆ, ಕೊನೆಗೆ ಹಾಡುಗಾರ ಜ್ಯಾಕ್ ಡಿ ಲಾ ರೋಚಾ ಕಿರುಚುವಾಗ ಕೇಳುವವನ ಗಂಟಲೂ ಬಿಗಿಯಾಗಿರ್ತದೆ. ಆಲ್ಬಂ ಒಳಗೆ ಬರೆದಿದ್ದಾರೆ, ಸ್ಯಾಂಪಲ್ ಇಲ್ಲ, ಕೀಬೋರ್ಡ್ ಇಲ್ಲ, ಸಿಂಥಸೈಜರ್ ಇಲ್ಲ ಅಂತ. ನಾಲ್ಕು ಜನ, ಅಷ್ಟೇ.

ಬೈಗುಳದ ಹಾಡು ಅಂತ ಬದಿಗಿಡುವವರಿಗೂ ಒಂದು ಮಾತು. 1991ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನ ರಸ್ತೆಯಲ್ಲಿ ಬಡಿದರು. ಒಬ್ಬರು ಅದನ್ನ ವಿಡಿಯೋ ಮಾಡಿದ್ದರು, ಜಗತ್ತೆಲ್ಲ ನೋಡಿತು. ಬ್ಯಾಂಡ್ ಹುಟ್ಟಿದ್ದು ಅದೇ ಊರಲ್ಲಿ, ಅದೇ ವರ್ಷ. 1992ರ ಏಪ್ರಿಲ್‌ನಲ್ಲಿ ತೀರ್ಪು ಪೊಲೀಸರ ಪರ ಬಂದಾಗ ಊರಿಗೇ ಬೆಂಕಿ ಬಿತ್ತು. ಪೊಲೀಸ್ ಪಡೆಯಲ್ಲಿರುವ ಕೆಲವರು, ಶಿಲುಬೆಗೆ ಬೆಂಕಿ ಹಚ್ಚುವ ಜನಾಂಗದ್ವೇಷಿಗಳು (ಕು ಕ್ಲಕ್ಸ್ ಕ್ಲಾನ್‌ನವರು) ಇಬ್ಬರೂ ಒಬ್ಬರೇ ಅನ್ನುವ ಆ ಸಾಲನ್ನ ಇದರ ಜೊತೆ ಇಟ್ಟು ಕೇಳಿ.

ನಮ್ಮ ಕಾಲೇಜು ಫೆಸ್ಟ್‌ನಲ್ಲಿ ಈ ಹಾಡು ಇಲ್ಲದ ವರ್ಷವೇ ಇರಲಿಲ್ಲ. ಪ್ರಿನ್ಸಿಪಾಲರು ಮುಂದಿನ ಸಾಲಲ್ಲೇ ಕೂರುತ್ತಿದ್ದರು, ಹಾಗಾಗಿ ಕೊನೆಯ ಭಾಗ ಬಂದಾಗ ಹಾಡುವವ ಮೈಕ್ ಕೆಳಗೆ ಇಳಿಸೋದು, ಬೈಗುಳವನ್ನ ಹಿಂದೆ ನಿಂತ ಹುಡುಗರು ಒಟ್ಟಿಗೆ ಕಿರುಚೋದು. ಯಾರು ಹೇಳಿದ್ದು ಅಂತ ಹಿಡಿಯೋಕೆ ಆಗ್ಬಾರ್ದು!

ಡ್ರಾಪ್ ಡಿ

ಭಟ್ರೇ, ಹೆಸರಿನ ಬಗ್ಗೆ ನಿಮ್ಮ ಊಹೆ ಸರಿ.

ಧಾರವಾಡದವರಿಗೆ. ಸೋನಿಯ ಮಾತು ನಿಜ, ಅಲ್ಲಗಳೆಯಲ್ಲ. ಆದರೆ ಗುರಿ ಸೋನಿ ಆಗಿರಲಿಲ್ಲ. ಟಿವಿಯ ಒಂದು ಕಾರ್ಯಕ್ರಮ ವರ್ಷವರ್ಷವೂ ಆ ಒಂದು ಸ್ಥಾನವನ್ನ ತನ್ನ ಜಾಹೀರಾತಿನ ಕೊನೆಯ ಪುಟ ಮಾಡಿಕೊಂಡಿತ್ತಲ್ಲ, ಗುರಿ ಅದು. ಅದು ತಪ್ಪಿತು. ಇಡೀ ಅಭಿಯಾನವೇ ಮೂರ್ಖತನ ಅಂತ ಮೊದಲು ಅಂದಿದ್ದ ಕೋವೆಲ್, ಫಲಿತಾಂಶ ಬಂದ ಮೇಲೆ ಮಾರ್ಟರ್ ದಂಪತಿಗೆ ಫೋನ್ ಮಾಡಿ ಅಭಿನಂದಿಸಿದರು. ಸೋತಿಲ್ಲ ಅನ್ನಿಸಿದ್ದರೆ ಆ ಫೋನ್ ಯಾಕೆ?

ದುಡ್ಡಿನ ವಿಷಯದಲ್ಲಿ ಇನ್ನೊಂದು ಮಗ್ಗುಲಿದೆ. ಚಾರ್ಟ್ ಬರೋ ಹೊತ್ತಿಗೆ ಶೆಲ್ಟರ್‌ಗೆ ಹತ್ತಾರು ಸಾವಿರ ಪೌಂಡ್ ಸೇರಿತ್ತು. ಈ ಮಾರಾಟದಿಂದ ತಮಗೆ ಬರುವುದನ್ನೂ ದಾನಕ್ಕೆ ಕೊಡ್ತೀವಿ ಅಂತ ಮೊರೆಲ್ಲೊ ಹೇಳಿದರು. ಗೆದ್ದರೆ ಬ್ರಿಟನ್ನಿಗೆ ಬಂದು ಪುಕ್ಕಟೆ ಕಾರ್ಯಕ್ರಮ ಕೊಡ್ತೀವಿ ಅಂದಿದ್ದರು, ಅದನ್ನೂ ನಡೆಸಿಕೊಟ್ಟರು. 2010ರ ಜೂನ್ 6ರಂದು ಲಂಡನ್ನಿನ ಫಿನ್ಸ್‌ಬರಿ ಪಾರ್ಕ್‌ನಲ್ಲಿ ಸುಮಾರು 40 ಸಾವಿರ ಜನರ ಮುಂದೆ. ಮಾರ್ಟರ್ ದಂಪತಿಯನ್ನ ವೇದಿಕೆಗೆ ಕರೆದರು.

'ಹೇಳಿಸ್ಕೊಂಡು ಕೊಂಡರು' ಅನ್ನೋ ಮಾತು. ಯೂನಿಯನ್‌ನವರು ನಾಳೆ ಮುಷ್ಕರ ಅಂದಾಗ ಕೆಲಸಕ್ಕೆ ಹೋಗದೆ ಇರೋನು ಯಾರ ಅಪ್ಪಣೆ ಪಾಲಿಸ್ತಿದ್ದಾನೆ? ಒಟ್ಟಾಗಿ ಒಂದು ಕೆಲಸ ಮಾಡಬೇಕಾದರೆ ಯಾರಾದರೂ ದಿನ ಗೊತ್ತು ಮಾಡಲೇಬೇಕು. ಅಪ್ಪಣೆ ಪಾಲಿಸೋದು, ಸೇರಿ ನಿರ್ಧರಿಸೋದು, ಎರಡೂ ಒಂದೇ ಅಲ್ಲ.

ಧಾರವಾಡ ಮಂದಿ

ಮುಷ್ಕರದ ಮಾತು ಒಪ್ಪಿದೆರೀ. ಸೋನಿ ಮಾತು ಇನ್ನೂ ಒಪ್ಪಂಗಿಲ್ಲ. ಫೋನ್ ಮಾಡೂದಕ್ಕ ಸೋಲಬೇಕಂತೇನಿಲ್ಲ, ಮುಂದಿನ ವರ್ಷದ ವ್ಯಾಪಾರಾನೂ ನೋಡ್ಕೋಬೇಕಲ್ಲ.

ಆ ಹುಡುಗನ ಬಗ್ಗೆ ಯಾರೂ ಒಂದು ಮಾತಾಡ್ಲಿಲ್ಲ ನೋಡ್ರಿ. ಹದಿನೆಂಟು ವರ್ಷದವ, ಸೌತ್ ಶೀಲ್ಡ್ಸ್ ಅನ್ನೋ ಊರಿಂದ ಬಂದವ, ದನಿ ಚಲೋ ಇತ್ತು. ದೊಡ್ಡವ್ರ ಜಗಳದಾಗ ಅವನ ಮೊದಲನೇ ಹಾಡು ಸಿಕ್ಕೊಂಡ್ತು.

ಟಾಪ್ ನಲವತ್ತು

ಅದು ನನಗೂ ಬೇಜಾರಿನ ವಿಷಯವೇ. ಆದರೆ ಮರುವಾರ 'ದ ಕ್ಲೈಂಬ್' ನಂಬರ್ ಒನ್ ಆಯ್ತು. ರೇಜ್‌ನ ಹಾಡು ಕೆಳಗಿಳಿಯಿತು. ಚಾರ್ಟ್‌ನ ಸ್ವಭಾವ ಅಲ್ಲೇ ಪೂರ್ತಿ ಕಾಣುತ್ತೆ. ವಾರದ ಚಾರ್ಟ್ ಅಳೆಯೋದು ಒಂದು ಹಾಡಿಗೆ ಒಟ್ಟು ಎಷ್ಟು ಜನ ಅನ್ನೋದನ್ನಲ್ಲ, ಏಳು ದಿನದೊಳಗೆ ಎಷ್ಟು ಮಾರಾಟ ಅನ್ನೋದನ್ನ. ಮೂರು ತಿಂಗಳಲ್ಲಿ ನಿಧಾನವಾಗಿ ಹತ್ತು ಲಕ್ಷ ಮಾರಿದ ಹಾಡು ಒಂದು ಸಲವೂ ತುದಿ ಮುಟ್ಟದೆ ಇರಬಹುದು, ಒಂದೇ ವಾರ ಐದು ಲಕ್ಷ ಮಾರಿದ್ದು ಇತಿಹಾಸ ಸೇರಬಹುದು. 1993ರಲ್ಲಿ ಇದೇ 'ಕಿಲ್ಲಿಂಗ್ ಇನ್ ದ ನೇಮ್' ಬ್ರಿಟನ್ನಿನಲ್ಲಿ ಮುಟ್ಟಿದ್ದ ಅತಿ ಎತ್ತರ 25ನೇ ಸ್ಥಾನ. ಆ ಹದಿನೇಳು ವರ್ಷ ಜನ ಹಾಡನ್ನ ಕೇಳ್ತಾನೇ ಇದ್ದರು, ಚಾರ್ಟ್‌ಗೆ ಅದು ಕಾಣಿಸಲಿಲ್ಲ ಅಷ್ಟೇ.

ಹೋಲಿಸಿ ನೋಡೋರಿಗೆ 1977ರ ಜೂನ್ ಇದೆ. ರಾಣಿಯ ಬೆಳ್ಳಿಹಬ್ಬದ ವಾರ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ತಲ್ಸ್ ರಾಣಿಯನ್ನ ಅಣಕಿಸಿ ಹಾಡಿದ 'ಗಾಡ್ ಸೇವ್ ದ ಕ್ವೀನ್' ಅಧಿಕೃತ ಚಾರ್ಟ್‌ನಲ್ಲಿ ಎರಡನೇ ಸ್ಥಾನಕ್ಕೆ ನಿಂತಿತು, ಮೊದಲನೆಯದು ರಾಡ್ ಸ್ಟೀವರ್ಟ್. ಬಿಬಿಸಿ ಆ ಹಾಡನ್ನ ನಿಷೇಧಿಸಿತ್ತು. ಎನ್‌ಎಂಇ ಅನ್ನೋ ಸಂಗೀತ ಪತ್ರಿಕೆಯ ಚಾರ್ಟ್‌ನಲ್ಲಿ ಅದೇ ಹಾಡು ನಂಬರ್ ಒನ್. ಬೇಕಂತಲೇ ತಡೆದರು ಅನ್ನೋ ಅನುಮಾನ ಇವತ್ತಿಗೂ ಹೋಗಿಲ್ಲ. ಆಗ ಲೆಕ್ಕ ಬರ್ತಿದ್ದದ್ದು ಆಯ್ದ ಕೆಲವು ನೂರು ಅಂಗಡಿಗಳು ಡೈರಿಯಲ್ಲಿ ಬರೆದು ಕಳಿಸಿದ್ದರಿಂದ. ಕೆಲವು ಅಂಗಡಿಗಳು ಆ ರೆಕಾರ್ಡ್ ಇಟ್ಟೇ ಇರಲಿಲ್ಲ. 2009ರಲ್ಲಿ ಪ್ರತಿಯೊಂದು ಡೌನ್‌ಲೋಡ್‌ಗೂ ದಾಖಲೆ ಇತ್ತು, ಯಾರೂ ತಕರಾರು ಎತ್ತೋ ಹಾಗಿರಲಿಲ್ಲ.

ಚಿಕ್ಕಪೇಟೆ ಸ್ಪೀಕರ್

ಗುರು, ಈಗ ಇದೇ ಥರ ಮಾಡೋಕಾಗುತ್ತಾ? ಸ್ಪಾಟಿಫೈ ಕಾಲದಲ್ಲಿ?

ಟಾಪ್ ನಲವತ್ತು

ಕಷ್ಟ, ಆದರೆ ಆಗಲ್ಲ ಅಂತಲ್ಲ. 2014ರ ಜುಲೈನಿಂದ ಅಲ್ಲಿ ಸ್ಟ್ರೀಮಿಂಗ್ ಸೇರಿತು, ಆಗ 100 ಸ್ಟ್ರೀಮ್ ಒಂದು ಮಾರಾಟಕ್ಕೆ ಸಮ. 2018ರಿಂದ ದುಡ್ಡು ಕೊಟ್ಟು ಕೇಳೋರ 100, ಜಾಹೀರಾತಿನ ಜೊತೆ ಪುಕ್ಕಟೆ ಕೇಳೋರ 600. ಇದರ ಜೊತೆಗೆ 2017ರಲ್ಲಿ ತಂದ ನಿಯಮ: ಹಾಡು ಹಳೇದಾಗಿ ಕೇಳುಗರು ಇಳಿತಾ ಹೋದರೆ ಅದರ ಸ್ಟ್ರೀಮ್‌ಗೆ ಬೆಲೆ ಅರ್ಧ. ಹಳೇ ಹಾಡು ವಾಪಸ್ ಬರೋಕೆ ಇದು ಎದುರು ಗಾಳಿ. ಇನ್ನೊಂದು ಕಡೆ, ಡೌನ್‌ಲೋಡ್ ಕೊಳ್ಳೋರು ಈಗ ಎಷ್ಟು ಕಡಿಮೆ ಅಂದ್ರೆ, ಸಂಘಟಿತವಾಗಿ ಕೊಂಡರೆ ಅದರ ತೂಕ ಜಾಸ್ತಿ. ಯೂಟ್ಯೂಬರ್ ಲ್ಯಾಡ್‌ಬೇಬಿ 2018ರಿಂದ 2022ರವರೆಗೆ ಸತತ ಐದು ಸಲ ಕ್ರಿಸ್‌ಮಸ್ ನಂಬರ್ ಒನ್ ಆದದ್ದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ, ಅದೂ ಬಡವರಿಗೆ ಪುಕ್ಕಟೆ ಆಹಾರ ಕೊಡೋ ಫುಡ್ ಬ್ಯಾಂಕ್‌ಗಳಿಗೆ ಹಣ ಕೂಡಿಸೋಕೆ. ಮರುವರ್ಷ 2023ರಲ್ಲಿ ಗೆದ್ದದ್ದು 1984ರ ವ್ಹ್ಯಾಮ್ ಹಾಡು, ಅದು ಸ್ಟ್ರೀಮಿಂಗ್ ಬಲದಿಂದ. ಹಳೇ ಹಾಡು ಗೆಲ್ಲೋದು ಈಗ ಬಂಡಾಯವೇ ಅಲ್ಲ, ಡಿಸೆಂಬರ್ ಬಂದರೆ ಅರ್ಧ ಚಾರ್ಟ್ ಹಳೇ ಹಾಡೇ.

ಚಿಕ್ಕಪೇಟೆ ಸ್ಪೀಕರ್

ನಮ್ಮಲ್ಲೂ ಇದೇ ಕಥೆ ಅಲ್ವಾ? ಲಿರಿಕಲ್ ವಿಡಿಯೋ ಬಿಟ್ಟ 24 ಗಂಟೆಯಲ್ಲಿ ಇಷ್ಟು ಮಿಲಿಯನ್ ಅಂತ ಪೋಸ್ಟರ್. ಅಭಿಮಾನಿಗಳು ಗ್ರೂಪಲ್ಲಿ ಟೈಮ್ ಫಿಕ್ಸ್ ಮಾಡಿ ನೋಡ್ತಾರೆ, ರಾತ್ರಿಯೆಲ್ಲಾ ಮೊಬೈಲ್ ಓಡಿಸ್ತಾರೆ.

ಡ್ರಾಪ್ ಡಿ

ಒಂದು ಮಟ್ಟಿಗೆ ಹೌದು, ಆದರೆ ನನಗೆ ಎರಡು ವ್ಯತ್ಯಾಸ ಕಾಣುತ್ತೆ. ಅಲ್ಲಿ ದುಡ್ಡು ಕೊಟ್ಟು ಕೊಂಡದ್ದು ಲೆಕ್ಕಕ್ಕೆ ಬಂತು, ಇಲ್ಲಿ ಬೆರಳು ಒತ್ತಿದ್ದು. ಅಲ್ಲಿ ಬ್ಯಾಂಡ್‌ಗೂ ಕಂಪನಿಗೂ ಗೊತ್ತಿಲ್ಲದೆ ಹೊರಗಿನವರು ಶುರು ಮಾಡಿದ್ದು, ಇಲ್ಲಿ ಎಷ್ಟೋ ಸಲ ಹಾಡು ಬಿಟ್ಟವರೇ ಜಾಹೀರಾತಿಗೆ ದುಡ್ಡು ಸುರಿದು ಸಂಖ್ಯೆ ಏರಿಸೋದು. 2019ರ ಜುಲೈನಲ್ಲಿ ಹಿಂದಿ ರ‍್ಯಾಪರ್ ಬಾದ್‌ಶಾನ ಹಾಡೊಂದು ಒಂದೇ ದಿನದಲ್ಲಿ ಏಳು ಕೋಟಿಗೂ ಹೆಚ್ಚು ವ್ಯೂಸ್ ಅಂತ ಗದ್ದಲವಾಗಿ, ಜಾಹೀರಾತಿನಿಂದ ಬಂದದ್ದೆಷ್ಟು ಅನ್ನೋ ಪ್ರಶ್ನೆ ಎದ್ದಿತ್ತು ನೆನಪಿದೆಯಾ? ಆ ಸೆಪ್ಟೆಂಬರ್‌ನಲ್ಲೇ ಯೂಟ್ಯೂಬ್ ತನ್ನ ಮ್ಯೂಸಿಕ್ ಚಾರ್ಟ್‌ಗೂ 24 ಗಂಟೆ ದಾಖಲೆಗೂ ಜಾಹೀರಾತಿನ ವ್ಯೂಸ್ ಸೇರಿಸೋದು ನಿಲ್ಲಿಸಿತು. ನನ್ನ ಆಸೆ ಇಷ್ಟು: ಕನ್ನಡದ ಸ್ವತಂತ್ರ ಬ್ಯಾಂಡುಗಳಿಗಾಗಿ, ಸಿನಿಮಾ ಹಂಗಿಲ್ಲದ ಹಾಡಿಗಾಗಿ, ನಮ್ಮ ಕೇಳುಗರು ಒಂದು ವಾರ ಹೀಗೆ ಒಟ್ಟಾಗಬೇಕು. ಸಂಖ್ಯೆಗೋಸ್ಕರ ಅಲ್ಲ. ನೂರು ರೂಪಾಯಿ ಕೊಟ್ಟು ಅವರ ಹಾಡು ಕೊಳ್ಳೋರು ಇದ್ದಾರೆ ಅಂತ ಗೊತ್ತಾದರೆ ಅವರು ಇನ್ನೊಂದು ಹಾಡು ರೆಕಾರ್ಡ್ ಮಾಡ್ತಾರೆ, ಅದಕ್ಕೋಸ್ಕರ.

ಬೇಸ್ ಗಿಟಾರ್ ಭಟ್ರು

ಅಂಥದ್ದು ಮಾಡುವುದಾದರೆ ನಾನು ಮೊದಲಿಗೆ ಉಂಟು. ಯಾವ ಬ್ಯಾಂಡು, ಯಾವ ವಾರ ಅಂತ ಬೇರೆ ಎಳೆಯಲ್ಲಿ ಮಾತಾಡುವ. ಜನವರಿ ಆದ್ರೆ ಒಳ್ಳೇದು, ದೊಡ್ಡ ಸಿನಿಮಾ ಹಾಡುಗಳ ಗಲಾಟೆ ಇಲ್ಲದ ವಾರ ನೋಡ್ಬೇಕು.

ಒಂದು ಪ್ರಶ್ನೆ. ಅಷ್ಟು ಬೈಗುಳದ ಹಾಡನ್ನ ರೇಡಿಯೋದವರು ಹೇಗೆ ಹಾಕಿದ್ರು?

ಲೀಡ್ಸ್‌ನಿಂದ

ಎರಡು ಸಲವೂ ಎಡವಟ್ಟಾಗಿದೆ. 1993ರ ಫೆಬ್ರುವರಿಯಲ್ಲಿ ರೇಡಿಯೋ 1ರ ಭಾನುವಾರದ ಚಾರ್ಟ್ ಕಾರ್ಯಕ್ರಮದಲ್ಲಿ ಬ್ರೂನೋ ಬ್ರೂಕ್ಸ್ ತಪ್ಪಿ ಕತ್ತರಿ ಹಾಕದ ಪ್ರತಿಯನ್ನೇ ಪ್ರಸಾರ ಮಾಡಿಬಿಟ್ಟರು. ಮನೆಮಂದಿಯೆಲ್ಲ ಕೂತು ಕೇಳೋ ಹೊತ್ತು ಅದು, ನೂರಕ್ಕೂ ಹೆಚ್ಚು ದೂರು ಬಂದವು.

2009ರಲ್ಲಿ ಅಭಿಯಾನದ ವಾರವೇ, ಡಿಸೆಂಬರ್ 17ರ ಗುರುವಾರ ಬೆಳಗ್ಗೆ, ಬಿಬಿಸಿ ರೇಡಿಯೋ 5 ಲೈವ್ ಬ್ಯಾಂಡನ್ನ ನೇರಪ್ರಸಾರಕ್ಕೆ ಕರೆಯಿತು. ಬೈಗುಳ ಬಿಟ್ಟು ಹಾಡ್ರಪ್ಪಾ ಅಂತ ಮೊದಲೇ ಕೇಳಿಕೊಂಡಿದ್ದರು. ಕೊನೆಯ ಭಾಗ ಬಂದಾಗ ಮೊದಲು ಆ ಜಾಗವನ್ನ ಖಾಲಿ ಬಿಟ್ಟೇ ಹಾಡಿದರು. ಇನ್ನೇನು ಬಚಾವಾದೆವು ಅನ್ನೋ ಹೊತ್ತಿಗೆ ಡಿ ಲಾ ರೋಚಾ ಪೂರ್ತಿ ಸಾಲನ್ನೇ ಕಿರುಚಲು ಶುರು ಮಾಡಿದರು. ಸ್ಟುಡಿಯೋದವರು ಗಾಬರಿಬಿದ್ದು ಹಾಡನ್ನ ಅಲ್ಲೇ ತುಂಡು ಮಾಡಿ ಕ್ಷಮೆ ಕೇಳಿದರು. ಅವತ್ತು ಮಧ್ಯಾಹ್ನದೊಳಗೆ ಆ ತುಣುಕು ಎಲ್ಲರ ಫೋನಲ್ಲಿತ್ತು. ಅಭಿಯಾನಕ್ಕೆ ಅದಕ್ಕಿಂತ ಒಳ್ಳೇ ಪ್ರಚಾರ ಯಾರು ದುಡ್ಡು ಕೊಟ್ಟರೂ ಸಿಗ್ತಿರಲಿಲ್ಲ.